ಎಡಗಡೆ ಬಾಕ್ಸಿನ ಅಜ್ಜಿ

ಕ್ಯಾಸೆಟ್ ತಿರುಗುತ್ತಿತ್ತು. ಆದರೆ ಅಜ್ಜಿ ಹಾಡುತ್ತಿರಲಿಲ್ಲ.

ನಾಗನಾಥ ಮಾಮಾ ಡೆಕ್ಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುಚ್ಚಳದೊಳಗೆ ಇಣುಕಿದ. ಎರಡು ಚಕ್ರಗಳೂ ಸರಿಯಾಗಿಯೇ ಸುತ್ತುತ್ತಿದ್ದವು. ಸ್ಪೀಕರ್ ಬಾಕ್ಸಿನಿಂದ ಮಾತ್ರ, ಕಾದ ಹಂಚಿನ ಮೇಲೆ ನೀರು ಬಿದ್ದ ಹಾಗೆ ‘ಸ್ಸ್’ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ತಡಿ ಅಕ್ಕಾ, ಇನ್ನೊಂದೀಟು ಮುಂದ ಬರ್ತದ,” ಎಂದ ಮಾಮಾ.

ಮುಂದೆಯೂ ಬರಲಿಲ್ಲ. ಮಾಮಾ ಕ್ಯಾಸೆಟ್ ಓಡಿಸಿ ನೋಡಿದ, ಮಗ್ಗಲು ಬದಲಿಸಿ ಹಾಕಿದ, ಹೊರಗೆ ತೆಗೆದು ಅಂಗೈ ಮೇಲೆ ಎರಡು ಸಲ ಬಡಿದ. ಊಹೂಂ.

ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಬಾಣಂತಿ. ತಲೆಗೆ ಬಟ್ಟೆ ಕಟ್ಟಿ, ಎರಡೂ ಕಿವಿಗೆ ಅರಳೆ ಇಟ್ಟುಕೊಂಡು ಹದಿಮೂರು ದಿನವಾಗಿತ್ತು. ಅಜ್ಜಿಯ ದನಿ ಕೇಳಲೆಂದು ಈಗಷ್ಟೇ ಆ ಅರಳೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಸ್ನೇಹಲ್ ಎಡಗಡೆಯ ಸ್ಪೀಕರ್ ಬಾಕ್ಸಿನ ಪಕ್ಕದಲ್ಲಿ ನಿಂತಿದ್ದಳು. ಐದನೇ ಇಯತ್ತೆಯ ಹುಡುಗಿ, ಯಾವಾಗಲೂ ಪಟಪಟ ಮಾತಾಡುವವಳು. ಇವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಅವತ್ತು ಸಂಜೆ ನಾಲ್ಕು ಗಂಟೆಗೆ ಅವಳ ತಮ್ಮನನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು. ಓಣಿಯ ಹೆಂಗಸರಿಗೆಲ್ಲ ಕರೆ ಹೋಗಿತ್ತು. ತೊಟ್ಟಿಲ ಹಾಡು ಹಾಡಬೇಕಾದವಳು ರುಕ್ಮಿಣಿಬಾಯಿ ಅಜ್ಜಿ. ಆದರೆ ಅಜ್ಜಿ ಹುಮನಾಬಾದದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ನಳದ ಹತ್ತಿರ ಜಾರಿ ಬಿದ್ದು ಒಂದು ತಿಂಗಳಾಗಿತ್ತು. ಹಾಗಾಗದಿದ್ದರೆ ಬಾಣಂತನವೂ ಹುಮನಾಬಾದದಲ್ಲೇ ಆಗುತ್ತಿತ್ತು. ಮೊಮ್ಮಗನ ಮುಖವನ್ನು ಅಜ್ಜಿ ಇನ್ನೂ ನೋಡಿರಲಿಲ್ಲ.

ಆ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿ ಸಲ ಅಜ್ಜಿ ಅದಕ್ಕೆ ಹೊಸ ಸಾಲು ಕಟ್ಟಿ ಸೇರಿಸುತ್ತಾಳೆ. ಸ್ನೇಹಲ್‌ಳನ್ನು ತೊಟ್ಟಿಲಿಗೆ ಹಾಕಿದಾಗಲೂ ಅವಳೇ ಹಾಡಿದ್ದಳು. ನಮ್ಮವ್ವನ ದನಿ ಇಲ್ಲದೆ ಕೂಸಿನ ತೊಟ್ಟಿಲು ತೂಗುವುದಿಲ್ಲ ಎಂದು ಅವ್ವ ಹಟ ಹಿಡಿದಿದ್ದಕ್ಕೇ ಮಾಮಾ ಗೆಳೆಯನ ಮನೆಯಿಂದ ಡೆಕ್ಕು, ಮೈಕು ತಂದು, ಅಜ್ಜಿಯ ಹಾಸಿಗೆಯ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿದ್ದ. ಬೆಳಗಿನ ಬಸ್ಸಿಗೆ ಹತ್ತಿ ಬಸವಕಲ್ಯಾಣಕ್ಕೆ ತಂದಿದ್ದ.

“ನಿನ್ನಿ ನನ್ನ ಕಿವಿಲೆ ಕೇಳೀನಿ,” ಎಂದ ಮಾಮಾ. “ಎಷ್ಟು ಚಂದ ಬಂದಿತ್ತು.”

ಅವ್ವ ಕಪಾಟಿನಿಂದ ವಚನಗಳ ಕ್ಯಾಸೆಟ್ ತೆಗೆದು ಕೊಟ್ಟಳು. ಮಾಮಾ ಅದನ್ನು ಹಾಕಿದ ಕೂಡಲೇ ತಬಲಾ, ಹಾರ್ಮೋನಿಯಂ ಮನೆ ತುಂಬ ಕೇಳಿದವು. ಅಂದರೆ ಸೆಟ್ಟಿಗೆ ಏನೂ ಆಗಿಲ್ಲ, ಕೆಟ್ಟಿದ್ದು ಅಜ್ಜಿಯ ಕ್ಯಾಸೆಟ್ಟೇ ಎಂದು ಇಬ್ಬರೂ ತೀರ್ಮಾನಿಸಿದರು.

ಮಾಮಾ ಹಣೆ ಹಣೆ ಬಡಿದುಕೊಂಡ. ಬಸ್ಸಿನಲ್ಲಿ ಡ್ರೈವರನ ಹಿಂದೆ, ಸ್ಪೀಕರಿನ ಕೆಳಗೇ ಸೀಟು ಸಿಕ್ಕಿತ್ತಂತೆ. ಅದರೊಳಗಿನ ಮ್ಯಾಗ್ನೆಟ್ಟು ಅಜ್ಜಿಯ ದನಿಯನ್ನು ಅಳಿಸಿಹಾಕಿರಬೇಕು, ತನ್ನಂಥ ದಡ್ಡ ಇನ್ನೊಬ್ಬನಿಲ್ಲ ಎಂದು ತನ್ನನ್ನೇ ಬೈದುಕೊಂಡ. ಹನ್ನೊಂದರ ಬಸ್ಸಿಗೆ ವಾಪಸ್ ಹೋಗಿ, ಇನ್ನೊಮ್ಮೆ ಹಾಡಿಸಿಕೊಂಡು ಬರುತ್ತೇನೆ ಎಂದ.

“ಬ್ಯಾಡ ನಾಗೂ,” ಎಂದಳು ಅವ್ವ. “ನಿನ್ನಿ ಆಕಿ ಜ್ವರದಾಗ ಕೆಮ್ಮಕೋತ ಹಾಡ್ಯಾಳ ಅಂತ ನೀನೇ ಹೇಳಿದೆಲ್ಲ. ಇವತ್ತ ಮತ್ತ ಎಬ್ಬಿಸಿ ಕೂಡಸಬ್ಯಾಡ. ಹಾಡಿಲ್ಲದೇ ಹಾಕೋಣಂತ.”

ಹೀಗೆಂದು ಅವ್ವ ಅರಳೆಯನ್ನು ಎರಡು ಉಂಡೆ ಮಾಡಿ ಮತ್ತೆ ಕಿವಿಗೆ ಇಟ್ಟುಕೊಂಡಳು. ಬೈದಿದ್ದರೂ ಸ್ನೇಹಲ್‌ಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಯಾಕೆಂದರೆ, ಸೆಟ್ಟಿಗೆ ಏನೂ ಆಗಿಲ್ಲ ಎನ್ನುವುದು ಸುಳ್ಳು. ಅದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಸೆಟ್ಟು ಬಸವಕುಮಾರ ಕಾಕಾನದು. ಡೆಕ್ ಒಂದು, ಆಂಪ್ಲಿಫೈಯರ್ ಒಂದು, ಎರಡು ಮರದ ಬಾಕ್ಸು. ಎರಡು ವರ್ಷ ದುಡ್ಡು ಕೂಡಿಸಿ ಸೋಲಾಪುರದಿಂದ ತಂದಿದ್ದ. ಅದರ ಮೇಲೆ ‘ಕೇಳದೆ ಮುಟ್ಟಬಾರದು’ ಎಂದು ಬರೆದು ಚೀಟಿ ಅಂಟಿಸಿದ್ದ. ಕ್ಯಾಸೆಟ್ ಹಾಕಬಹುದು, ತೆಗೆಯಬಹುದು. ಹಿಂದಿನ ವೈರುಗಳಿಗೆ ಮಾತ್ರ ಯಾರೂ ಕೈ ಹಚ್ಚಬಾರದು. ಈಗ ಕಾಕಾ ನೌಕರಿ ಪರೀಕ್ಷೆಗೆಂದು ಗುಲಬರ್ಗಾಕ್ಕೆ ಹೋಗಿ ಒಂದು ವಾರವಾಗಿತ್ತು. ಸಂಜೆ ಬರುವವನಿದ್ದ.

ಅವನಿಲ್ಲದಾಗಲೇ ದಸರೆಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಬಂತು. ಅಪ್ಪ ಅಂಗಡಿಯ ತಕ್ಕಡಿ ಪೂಜೆಗೆ ಹೊರಟವನು, ಮನೆಯೊಳಗಿನ ಮಷೀನುಗಳ ಪೂಜೆ ಈ ಸಲ ನಿನ್ನದೇ ಎಂದು ಸ್ನೇಹಲ್‌ಗೆ ವಹಿಸಿದ್ದ. ಅವ್ವ ಬಾಣಂತಿ ಕೋಣೆಯಲ್ಲಿದ್ದಳು. ಸ್ನೇಹಲ್ ಹಿರೇಮನುಷ್ಯಳ ಹಾಗೆ ಲಂಗ ಎತ್ತಿ ಕಟ್ಟಿ, ಹೊಲಿಗೆ ಮಷೀನು, ಮಿಕ್ಸರು, ಸೈಕಲ್ಲು ಎಲ್ಲ ಒರೆಸಿ ಪೂಜೆ ಮಾಡಿದಳು. ಕೊನೆಗೆ ಸೆಟ್ಟು ಉಳಿಯಿತು. ಹಿಂದೆ ಎಷ್ಟು ಧೂಳು! ವೈರು ಕೀಳದೆ ಅದನ್ನು ಒರೆಸುವುದಾದರೂ ಹೇಗೆ?

ಡೆಕ್ಕಿನಿಂದ ಆಂಪ್ಲಿಫೈಯರಿಗೆ ಎರಡು ಎಳೆಯ ಒಂದು ವೈರಿತ್ತು. ಒಂದು ಎಳೆಯ ಎರಡೂ ತುದಿಗೆ ಕೆಂಪು ಪಿನ್ನು, ಇನ್ನೊಂದರ ಎರಡೂ ತುದಿಗೆ ಬಿಳಿ ಪಿನ್ನು. ಅವು ಕೂರುವ ತೂತುಗಳ ಸುತ್ತಲೂ ಅದೇ ಬಣ್ಣದ ಉಂಗುರ. ಸ್ನೇಹಲ್ ನಾಲ್ಕೂ ಪಿನ್ನುಗಳನ್ನು ಎಳೆದು ತೆಗೆದಳು, ಧೂಳು ಒರೆಸಿದಳು. ಆಮೇಲೆ ಪೂಜೆ. ಕೆಂಪು ತೂತಿಗೆ ಕುಂಕುಮ, ಬಿಳಿ ತೂತಿಗೆ ವಿಭೂತಿ. ಬಣ್ಣಕ್ಕೆ ಬಣ್ಣ ಕೂಡಿಸಿದೆ ಎಂದು ಅವಳಿಗೆ ಬಹಳ ಖುಷಿಯಾಗಿತ್ತು. ವಿಭೂತಿಯನ್ನಂತೂ ನೀರಲ್ಲಿ ಕಲಸಿ, ಬೆರಳ ತುದಿಯಿಂದ ಒಳಗೆ ಇಳಿಯುವ ಹಾಗೆ ಒತ್ತಿದ್ದಳು.

ಮತ್ತೆ ಪಿನ್ನು ಹಾಕಿ, ಹಾಡು ಹಚ್ಚಿದಾಗ ಬಲಗಡೆಯ ಬಾಕ್ಸು ಹಾಡಿತು. ಎಡಗಡೆಯದು ಸುಮ್ಮನಿತ್ತು.

ಅವಳು ಬಿಳಿ ಪಿನ್ನನ್ನು ಒತ್ತಿದಳು. ಅದು ಅರ್ಧಕ್ಕೇ ನಿಂತುಬಿಟ್ಟಿತು. ಆಗ ಏನು ಮಾಡಿದಳೆಂದರೆ, ಸೌಂಡು ಸ್ವಲ್ಪ ಹೆಚ್ಚು ಮಾಡಿ, ಎಡಗಡೆ ಬಾಕ್ಸಿನ ಮುಂದೆ ತನ್ನ ದೊಡ್ಡ ಗೊಂಬೆಯನ್ನು ಕೂರಿಸಿದಳು. ಅಪ್ಪ ಅಂಗಡಿಯಿಂದ ಬಂದವನು ಊಟ ಮಾಡಿ ಮಲಗುವವನು. ಅವ್ವನ ಕಿವಿಯಲ್ಲಿ ಅರಳೆ. ಐದು ದಿನ ಯಾರಿಗೂ ಗೊತ್ತಾಗಲಿಲ್ಲ.

ಆದರೆ ಅಜ್ಜಿಯ ಕ್ಯಾಸೆಟ್ಟಿಗೂ ಅದಕ್ಕೂ ಏನು ಸಂಬಂಧ? ಬೇರೆ ಹಾಡುಗಳು ಒಂದೇ ಬಾಕ್ಸಿನಲ್ಲಿ ಚೆನ್ನಾಗಿಯೇ ಬರುತ್ತಿದ್ದವಲ್ಲ. ಸಂಬಂಧವೇ ಇಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಮಾಮಾ ಕೊನೆಯ ಸಲ ಎಂದು ಅಜ್ಜಿಯ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಚ್ಚಿದ. ಎರಡು ನಿಮಿಷ ಕಾದು, ನಿಟ್ಟುಸಿರು ಬಿಟ್ಟು, ಅದನ್ನು ನಿಲ್ಲಿಸುವುದನ್ನೂ ಮರೆತು ಎದ್ದು ಹೋದ. ಅವ್ವ ಕೂಸಿನ ಕಡೆ ಹೋದಳು. ಪಡಸಾಲೆಯಲ್ಲಿ ಸ್ನೇಹಲ್ ಒಬ್ಬಳೇ ಉಳಿದಳು.

ಅವಳು ಗೊಂಬೆಯನ್ನು ಪಕ್ಕಕ್ಕೆ ಸರಿಸಿದಳು. ಬಗ್ಗಿ, ಎಡಗಡೆ ಬಾಕ್ಸಿನ ಬಟ್ಟೆಗೆ ಕಿವಿ ಒತ್ತಿ, ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡಳು.

ಒಳಗೆ ಯಾರೋ ಇದ್ದರು.

ಬಾವಿಯ ತಳದಲ್ಲಿ ನಿಂತು ಹಾಡಿದ ಹಾಗೆ, ಇರುವೆ ಹಾಡಿದ ಹಾಗೆ, ಸಣ್ಣಗೆ, ಕರಕರ ಎನ್ನುತ್ತ. ಸಾಲಿನ ಕೊನೆಗೆ ಒಂದು ಕೆಮ್ಮು ಬಂತು. ಆ ಕೆಮ್ಮು ಸ್ನೇಹಲ್‌ಗೆ ಚೆನ್ನಾಗಿ ಗೊತ್ತು. ಅದು ರುಕ್ಮಿಣಿಬಾಯಿ ಅಜ್ಜಿಯದು.

ಅಜ್ಜಿ ಅಳಿಸಿಹೋಗಿರಲಿಲ್ಲ. ಎಡಗಡೆ ಬಾಕ್ಸಿನೊಳಗೆ ಸಿಕ್ಕಿಬಿದ್ದಿದ್ದಳು.

ಮಾಮಾ ಹೊರಗಿನ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಸ್ನೇಹಲ್ ಹೋಗಿ ಅವನ ಮುಂದೆ ನಿಂತಳು. ಹೇಳಿದರೆ ಕಾಕಾಗೂ ಗೊತ್ತಾಗುತ್ತದೆ. ಹೇಳದಿದ್ದರೆ ಮಾಮಾ ಊರ ತನಕ ತನ್ನನ್ನೇ ಬೈದುಕೊಳ್ಳುತ್ತ ಹೋಗುತ್ತಾನೆ. ಅವ್ವ ಹಾಡಿಲ್ಲದೇ ತೊಟ್ಟಿಲು ತೂಗುತ್ತಾಳೆ.

“ಮಾಮಾ, ಬಸ್ಸಿನ ಸ್ಪೀಕರ್ ಏನೂ ಮಾಡಿಲ್ಲ,” ಎಂದಳು. “ನಾನೇ ಮಾಡೀನಿ.”

ಆಮೇಲೆ ಎಲ್ಲ ಹೇಳಿದಳು. ಕುಂಕುಮ, ವಿಭೂತಿ, ಗೊಂಬೆ, ಕೆಮ್ಮು, ಒಂದನ್ನೂ ಬಿಡದೆ. ಹೇಳುವಾಗ ಚಪ್ಪಲಿ ಇಲ್ಲದ ತನ್ನ ಕಾಲನ್ನೇ ನೋಡುತ್ತಿದ್ದಳು.

ಮಾಮಾ ಎದ್ದು ಒಳಗೆ ಹೋಗಿ ತಾನೂ ಬಾಕ್ಸಿಗೆ ಕಿವಿ ಹಚ್ಚಿದ. ಅವನ ಮುಖ ನಿಧಾನವಾಗಿ ಅರಳಿತು. ಬೈಯುವುದು ಅವನಿಗೆ ನೆನಪೇ ಆಗಲಿಲ್ಲ. “ಚಪ್ಪಲ್ ಹಾಕ್ಕೊ, ನಡಿ,” ಎಂದ.

ಕಿಲ್ಲೆಯ ಹತ್ತಿರದ ಸಂದಿಯಲ್ಲಿ ಮೊಹಿನುದ್ದೀನ್ ಚಾಚಾನ ರೇಡಿಯೋ ರಿಪೇರಿ ಅಂಗಡಿ ಇತ್ತು. ಬಾಗಿಲ ತನಕ ಹಳೇ ರೇಡಿಯೋಗಳ ರಾಶಿ. ಅದರ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಚಾಚಾ. ಮಾಮಾ ಅವಸರದಲ್ಲಿ ಅರ್ಧಂಬರ್ಧ ಹೇಳತೊಡಗಿದ. ಚಾಚಾ ಅವನನ್ನು ಕೈಸನ್ನೆಯಿಂದಲೇ ನಿಲ್ಲಿಸಿ, ಕನ್ನಡಕದ ಮೇಲಿನಿಂದ ಸ್ನೇಹಲ್‌ಳನ್ನು ನೋಡಿದ.

“ಹಸಿ ವಿಭೂತಿ ಹಚ್ಚಿದೇನು ಬೇಟಿ, ಒಣಾದು?”

“ಹಸೀದ್ರಿ.”

“ಹಣಿಗಿ ಹಚ್ಚಿದ್ರ ಸಾಕಾಗ್ತಿತ್ತು. ಕಿವಿಯೊಳಗ ಯಾಕ ತುಂಬಿದಿ?”

ಸ್ನೇಹಲ್‌ಗೆ ಅಳು ಬರುವ ಹೊತ್ತಿಗೆ ನಗು ಬಂದುಬಿಟ್ಟಿತು. ಚಾಚಾ ಮಾತ್ರ ನಗಲಿಲ್ಲ. ದಸರಾ ಮುಗಿದ ಮೇಲಿನ ಎಂಟು ದಿನ ತನಗೆ ಸುಗ್ಗಿ ಎಂದು ಮಾಮಾಗೆ ಹೇಳಿದ. ಹೋದ ವರ್ಷ ಚಹಾ ಹೋಟೆಲಿನವರು ರೇಡಿಯೋದ ಮೇಲೇ ಕಾಯಿ ಒಡೆದು, ನೀರೆಲ್ಲ ಒಳಗೆ ಇಳಿಸಿದ್ದರಂತೆ. ಕತೆ ಹೇಳುತ್ತಲೇ ಅರಳೆ, ಸ್ಪಿರಿಟ್ ಬಾಟಲಿ, ಒಂದು ಕಡ್ಡಿಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಹೊರಟ.

ಮನೆಗೆ ಬಂದವನು ಸೆಟ್ಟನ್ನು ಮುಟ್ಟಲೇ ಇಲ್ಲ. ಎದುರಿಗೆ ಚಾಪೆಯ ಮೇಲೆ ಕೂತ.

“ಕಿತ್ತಿದ್ದು ಯಾರು?”

“ನಾನ್ರಿ.”

“ಮತ್ತ ಹಚ್ಚಬೇಕಾದವರು ಯಾರು?”

ಸ್ನೇಹಲ್ ಮಾಮಾನ ಮುಖ ನೋಡಿದಳು. ಮಾಮಾ ಮುಂದೆ ಹೋಗು ಎಂದು ತಲೆ ಆಡಿಸಿದ.

ಮೊದಲು ಸೌಂಡಿನ ಗುಂಡಿಯನ್ನು ಪೂರ್ತಿ ಇಳಿಸಲು ಹೇಳಿದ ಚಾಚಾ. ಇಲ್ಲದಿದ್ದರೆ ಪಿನ್ನು ಕಿತ್ತಾಗ ಬಾಕ್ಸು ‘ಧಡ್’ ಎಂದು ಎದೆ ಒಡೆದುಕೊಳ್ಳುತ್ತದಂತೆ. ಆಮೇಲೆ ಕರೆಂಟಿನ ಸ್ವಿಚ್ ಆಫ್. ಗೋಡೆಯ ಪ್ಲಗ್ಗನ್ನೂ ಮಾಮಾನ ಕೈಯಿಂದ ತೆಗೆಸಿದ. ಆಮೇಲೆ ಬಿಳಿ ಪಿನ್ನು. ಸ್ನೇಹಲ್ ವೈರು ಹಿಡಿದು ಎಳೆಯಲು ಹೋದಳು.

“ಕೋಳಿ ಕುತ್ತಿಗಿ ಹಿಡಿದಂಗ ಹಿಡೀಬ್ಯಾಡ. ಪಿನ್ನಿನ ತಲಿ ಹಿಡಿ. ಸಣ್ಣಗ ಹೊಳ್ಳಸಕೋತ ತಗಿ.”

ಅವಳು ಹಾಗೇ ಮೆಲ್ಲಗೆ ತಿರುಗಿಸುತ್ತ ತೆಗೆದಳು. ಪಿನ್ನಿನ ತುದಿಗೆ ಬೆಳ್ಳಗೆ ವಿಭೂತಿ ಮೆತ್ತಿತ್ತು. ಬಿಳಿ ತೂತುಗಳೊಳಗೆ ಅದು ಒಣಗಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಕುಂಕುಮ ಒಣಪುಡಿಯಾಗಿದ್ದರಿಂದ ಉದುರಿಹೋಗಿ, ಕೆಂಪು ಪಿನ್ನು ಬಚಾವಾಗಿತ್ತು. ಕಡ್ಡಿಯ ತುದಿಯಿಂದ ಅವಳು ಮೆಲ್ಲಗೆ ವಿಭೂತಿ ಕೆರೆದಳು. ಅರಳೆಯನ್ನು ಕಡ್ಡಿಗೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಳಗೆ ತಿರುವಿ ತಿರುವಿ ಒರೆಸಿದಳು. ಮೊದಲ ಅರಳೆ ಬೂದು ಬಣ್ಣವಾಗಿ ಬಂತು, ಎರಡನೆಯದು ಮಾಸಲಾಗಿ ಬಂತು, ನಾಲ್ಕನೆಯದು ಹಾಕಿದ ಹಾಗೇ ಬೆಳ್ಳಗೆ ಹೊರಬಂತು. ಕೆಂಪು ಪಿನ್ನುಗಳನ್ನೂ ತೆಗೆದು ಒರೆಸಿದಳು.

ಅಷ್ಟು ಹೊತ್ತಿನಲ್ಲಿ ಚಾಚಾ ಮಾಮಾನನ್ನು ವಿಚಾರಿಸಿದ. ರೆಕಾರ್ಡ್ ಮಾಡುವಾಗ ಎಷ್ಟು ಮೈಕ್ ಹಚ್ಚಿದ್ದಿರಿ? ಒಂದೇ. ಡೆಕ್ಕಿಗೆ ಮೈಕಿನ ತೂತು ಎಷ್ಟಿದ್ದವು? ಎರಡು.

“ಅದಕ್ಕ ನೋಡ್ರಿ,” ಎಂದ ಚಾಚಾ. “ಅಂಗಡಿಯಿಂದ ತಂದ ಕ್ಯಾಸೆಟ್‌ದಾಗ ಎರಡೂ ಕಡಿ ದನಿ ಇರ್ತದ. ಒಂದು ವೈರ್ ಕೆಟ್ಟರೂ ಇನ್ನೊಂದು ಮರ್ಯಾದಿ ಉಳಸ್ತದ. ನೀವು ಅವ್ವನ ದನಿ ಎಡಗಡಿ ಅಷ್ಟೇ ತುಂಬೀರಿ. ಆಕಿ ಬರೋ ದಾರಿ ಇದೊಂದೇ.”

ಸ್ನೇಹಲ್ ಕೈಯಲ್ಲಿದ್ದ ಬಿಳಿ ಪಿನ್ನನ್ನು ನೋಡಿದಳು. ಕಿರುಬೆರಳಿನಷ್ಟಿತ್ತು.

ಬಿಳಿಗೆ ಬಿಳಿ, ಕೆಂಪಿಗೆ ಕೆಂಪು. ಬಣ್ಣಕ್ಕೆ ಬಣ್ಣ ಎಂಬ ಅವಳ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ಈ ಸಲ ಪಿನ್ನನ್ನು ಒತ್ತಿದಾಗ ಅದು ಅರ್ಧಕ್ಕೆ ನಿಲ್ಲಲಿಲ್ಲ. ಬೆರಳಿಗೆ ಗೊತ್ತಾಗುವ ಹಾಗೆ ಬುಡದ ತನಕ ಹೋಗಿ ಕೂತಿತು. ಕರೆಂಟಿನ ದಪ್ಪ ವೈರು ಪಿನ್ನಿನ ವೈರಿಗೆ ಸುತ್ತಿಕೊಂಡಿತ್ತು. ಹಾಗಿದ್ದರೆ ‘ಗುಂಯ್’ ಎನ್ನುತ್ತದೆ ಎಂದು ಚಾಚಾ ಅವೆರಡನ್ನೂ ದೂರ ಮಾಡಿಸಿದ. ಅವ್ವ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಸ್ನೇಹಲ್ ಏನು ಮಾಡಿದ್ದಳೆಂದು ಮಾಮಾ ಅಷ್ಟರಲ್ಲಿ ಹೇಳಿಯಾಗಿತ್ತು. ಅವ್ವ ಕಿವಿಯ ಅರಳೆ ತೆಗೆದು ಕಾದಳು.

ಪ್ಲಗ್ಗು ಹಾಕಿದರು. ಸ್ವಿಚ್ಚು ಒತ್ತಿದರು. ಮಾಮಾ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಮೊದಲಿನಿಂದ ಹಚ್ಚಿದ. ಸ್ನೇಹಲ್ ಸೌಂಡನ್ನು ಸ್ವಲ್ಪ ಸ್ವಲ್ಪವೇ ಏರಿಸಿದಳು.

“ನಾಗ್ಯಾ,” ಎಂದಿತು ಎಡಗಡೆಯ ಬಾಕ್ಸು, ಮನೆ ತುಂಬುವ ಹಾಗೆ. “ಇದು ಚಾಲೂ ಆಗ್ಯದೇನೋ? ಈ ಕೋಲಿಗಿ ಹೇಳಬೇಕೇನು ನಾನು?”

ಅವ್ವ ಕೂಸಿನ ಸಮೇತ ಕೆಳಗೆ ಕೂತುಬಿಟ್ಟಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾಕು, ಬಂದ್ ಮಾಡಿರಿ, ಉಳಿದದ್ದು ನಾಲ್ಕು ಗಂಟೆಗೆ ಎಲ್ಲರೂ ಕೂಡಿ ಕೇಳೋಣ ಎಂದಳು. ಎದೆಯ ಮೇಲಿನ ಅರಿಸಿನ ಕುಟ್ಟುವ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು ಸ್ನೇಹಲ್‌ಗೆ. ಚಾಚಾ ದುಡ್ಡು ಬೇಡವೆಂದ. ಸಂಜೆಯ ಸಿಹಿ ಮಾತ್ರ ಕಳಿಸಲು ಮರೆಯಬೇಡಿ ಎಂದು ಹೇಳಿ ಹೋದ.

ನಾಲ್ಕು ಗಂಟೆಗೆ ಪಡಸಾಲೆ ಹೆಂಗಸರಿಂದ ತುಂಬಿತು. ಅಪ್ಪನ ಅಕ್ಕ ದ್ರೌಪತಿ ಅತ್ತೆ ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ‘ಅಜೀತ’ ಎಂದು ಹೆಸರು ಹೇಳಿದಳು. ಅವ್ವ ಸನ್ನೆ ಮಾಡಿದಳು. ಸ್ನೇಹಲ್ ಗುಂಡಿ ಒತ್ತಿದಳು.

*ಕಲ್ಯಾಣದ ತೊಟ್ಟಿಲಿಗಿ ಹುಮನಾಬಾದದ ಹಗ್ಗ,*
*ಎಳಿಯೋ ಕೈ ಅಲ್ಲ್ಯದ, ನಿದ್ದಿ ಇಲ್ಲಿ ಅಗ್ಗ…*

ಹೆಂಗಸರೆಲ್ಲ ಎಡಗಡೆ ಬಾಕ್ಸಿನ ಕಡೆ ತಿರುಗಿ ಕೂತರು, ಅಜ್ಜಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದಾಳೆ ಎನ್ನುವ ಹಾಗೆ. ಅವ್ವ ಹಗ್ಗ ಎಳೆದು ತೂಗಿದಳು. ನಡುವೆ ಅಜ್ಜಿ ಕೆಮ್ಮಿದಾಗ ಅವ್ವನ ಕೈಯೂ ನಿಂತಿತು. ಅಜ್ಜಿ ಮತ್ತೆ ಹಾಡಿದಾಗ ಮತ್ತೆ ತೂಗಿತು.

ಹಾಡು ಮುಗಿಯಿತು. ಆದರೆ ಕ್ಯಾಸೆಟ್ ಮುಗಿಯಲಿಲ್ಲ.

“ಬಂದ್ ಮಾಡಿದೇನೋ ನಾಗ್ಯಾ?” ಎಂದು ಅಜ್ಜಿ ಕೇಳಿದಳು. ದೂರದಿಂದ ಮಾಮಾನ ದನಿ, “ಹೂಂ, ಮಾಡೀನಿ,” ಎಂದಿತು. ಎಲ್ಲರೂ ಮಾಮಾನ ಕಡೆ ನೋಡಿ ನಕ್ಕರು. ಮಾಮಾ ನಾಲಿಗೆ ಕಚ್ಚಿಕೊಂಡ.

“ಹಂಗಾರ ಒಂದು ಮಾತು ಕೇಳು,” ಎಂದಳು ಅಜ್ಜಿ. “ಆ ತೊಟ್ಟಿಲ ಸ್ನೇಹಲ್‌ದು. ಆಕಿ ಹುಟ್ಟಿದಾಗ ನಾನು ಮಾಡ್ಸಿದ್ದು. ಆಕಿನ್ನ ಕೇಳದೇ ಕೂಸಿನ್ನ ಅದರಾಗ ಹಾಕಬ್ಯಾಡ್ರಿ ಅಂತ ನಿಮ್ಮ ಅಕ್ಕಗ ಹೇಳು. ಸಣ್ಣವರದು ಅಂದ್ರ ಕೇಳೋದು ಬ್ಯಾಡೇನು?”

ಟಕ್ ಎಂದು ಸದ್ದಾಯಿತು. ಆಮೇಲೆ ಬರೀ ‘ಸ್ಸ್’.

ಪಡಸಾಲೆಯ ಕಣ್ಣುಗಳೆಲ್ಲ ಸ್ನೇಹಲ್ ಮೇಲೆ ತಿರುಗಿದವು. ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ದ್ರೌಪತಿ ಅತ್ತೆ ತೊಟ್ಟಿಲ ಹತ್ತಿರ ಹೋಗಿ, ಆಗಷ್ಟೇ ಕಣ್ಣು ಮುಚ್ಚಿದ್ದ ಅಜೀತನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

“ಕೇಳದೇ ಹಾಕಿದ್ವಿ, ತಪ್ಪಾತ್ರಿ ನಮ್ಮದು,” ಎಂದಳು ಅತ್ತೆ, ದೊಡ್ಡವರಿಗೆ ಹೇಳುವ ಹಾಗೆ. “ನಿಮ್ಮ ತೊಟ್ಟಿಲದಾಗ ನಿಮ್ಮ ತಮ್ಮನ್ನ ಹಾಕಲೇನ್ರಿ?”

ಯಾರೋ ಕಿಸಕ್ಕೆಂದು ನಕ್ಕರು. ಸ್ನೇಹಲ್ ನಗಲಿಲ್ಲ. ಅತ್ತೆಯ ಹಿಂದೆ, ಸೆಟ್ಟಿನ ಮೇಲಿದ್ದ ಕಾಕಾನ ಚೀಟಿ ಕಾಣುತ್ತಿತ್ತು. ಐದು ದಿನದಿಂದ ಅವಳು ಅದರ ಕಡೆ ನೋಡಿರಲೇ ಇಲ್ಲ.

“ಹಾಕ್ರಿ ಅತ್ತಿ,” ಎಂದಳು ಮೆಲ್ಲಗೆ.

ಬಂದವರು ಹೋಗುವಾಗ ಹೊತ್ತು ಇಳಿದಿತ್ತು. ಮಾಮಾ ಹುಮನಾಬಾದದ ಬಸ್ಸಿಗೆ ಹೊರಟು ನಿಂತ. ಅಜ್ಜಿಗೆಂದು ಅವ್ವ ಕೊಟ್ಟ ಸಿಹಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು, ಸ್ನೇಹಲ್ ಕಿವಿಯಲ್ಲಿ ಪಿಸುಗುಟ್ಟಿದ: ಈಗ ಎರಡೂ ಬಾಕ್ಸು ಹಾಡುತ್ತಿವೆ, ಕಾಕಾಗೆ ಏನೂ ಗೊತ್ತಾಗುವುದಿಲ್ಲ, ಹೆದರಬೇಡ.

ಅದು ನಿಜವೇ. ಸ್ನೇಹಲ್ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ವಿಭೂತಿ ಇತ್ತು.

ಓಣಿಯ ತುದಿಯಲ್ಲಿ ಕಾಕಾ ಕಾಣಿಸಿದ. ಬೆನ್ನಿಗೆ ಚೀಲ, ತಲೆ ತುಂಬ ಬಸ್ಸಿನ ಧೂಳು. ಅವನು ಹತ್ತಿರ ಬರುವ ತನಕ ಸ್ನೇಹಲ್ ಕಾಯಲಿಲ್ಲ. ಓಡಿಹೋಗಿ ಅವನ ಕೈ ಹಿಡಿದಳು.

“ಕಾಕಾ, ಒಳಗ ಹೋಗೂಕಿಂತ ಮೊದಲ ನಿನಗ ಒಂದು ಮಾತು ಹೇಳೋದದ.”

ಕಾಕಾ ಅವಳ ಮುಖವನ್ನೇ ನೋಡಿದ. ಬಂದು ಕಟ್ಟೆಯ ಮೇಲೆ ಚೀಲ ಇಳಿಸಿ, ಪಕ್ಕದಲ್ಲಿ ಕೂತ.

ಒಳಗೆ ಅವ್ವ ಮತ್ತೊಮ್ಮೆ ಗುಂಡಿ ಒತ್ತಿದ್ದಳು. ಹುಮನಾಬಾದದ ಹಗ್ಗ ಕಲ್ಯಾಣದ ತೊಟ್ಟಿಲನ್ನು ತೂಗುತ್ತಿತ್ತು. ಅಜ್ಜಿ ಕೆಮ್ಮುವ ತನಕ ಸ್ನೇಹಲ್ ಸುಮ್ಮನಿದ್ದಳು. ಆಮೇಲೆ ಖಂಡೆಪೂಜೆಯಿಂದ ಶುರು ಮಾಡಿದಳು.